ಗಂಟಲು ತೊಳೆಯೋ ಲೋಟ

"ಇಲಿ ಸತ್ರೆ ಅಪ್ಪ ಸತ್ತ ಹಾಗೆ ನಿಂತ್ಯಲ್ಲೇ, ಮುಂಡೆ! ಬಾಲ ಹಿಡ್ದು ಆಚೆ ಬಿಸಾಕು. ಕಾಳು ತೊಟ್ಟಿಗೆ ಸುರಿ!"

ಮೇಸ್ತ್ರಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಾಗಿಲಾಚೆಯಿಂದಲೇ ಕೂಗಿದ. ಬೀರು ಕಾರ್ಖಾನೆಯ ಬಾರ್ಲಿ ಗೋದಾಮಿನೊಳಗೆ ಅವನು ಕಾಲಿಟ್ಟದ್ದನ್ನು ಕಂಡವರಿಲ್ಲ. ಒಳಗೆ ದುಡಿಯುವವರೆಲ್ಲ ಅತ್ತಿಗೆ ಎಂದು ಕರೆಯುವ ಹೆಂಗಸು ಇಲಿಯ ಬಾಲ ಹಿಡಿದೆತ್ತಿದಳು. ಮೂಟೆಯ ಬಾಯಿ ಬಿಚ್ಚಿದ್ದೇ ತಡ, ಹುಳ ಸಾಯಲೆಂದು ಬೆರೆಸಿದ ಬಿಳಿ ಪುಡಿ ಹಿಟ್ಟಿನಂತೆ ಎದ್ದು ಬೆವರಿದ ಕುತ್ತಿಗೆಗೆಲ್ಲ ಮೆತ್ತಿಕೊಂಡಿತ್ತು. ಇಲಿಯ ಬಾಯಲ್ಲಿ ಹಳದಿ ನೊರೆ. ಅದರ ಹೊಟ್ಟೆಯಡಿ ಒದ್ದೆಯಾಗಿ ಅಂಟಿದ್ದ ಕಾಳೂ ಉಳಿದ ಕಾಳಿನ ಜೊತೆ ನೆನೆಹಾಕುವ ತೊಟ್ಟಿಗಿಳಿಯಿತು.

"ನೊರೆ ನೋಡಮ್ಮ," ಎಂದು ಮೂಟೆ ಇಳಿಸುತ್ತಿದ್ದ ಮುದುಕ ಕೆಮ್ಮುತ್ತಲೇ ನಕ್ಕ. ಅವನು ಅಲ್ಲಿ ಎಲ್ಲರಿಗೂ ಮಾವ. "ಬಾಟ್ಲಿಗೆ ತುಂಬೋ ಮೊದ್ಲೇ ಕುಡಿದು ಮಲಗವ್ನೆ ನನ್ಮಗ."

"ಸುಮ್ನಿರಿ ಮಾವ, ವಾಕರಿಕೆ ಬರುತ್ತೆ."

ಆ ಕೆಲಸಕ್ಕೊಂದು ವಾಡಿಕೆಯಿತ್ತು. ಪಾಳಿ ಮುಗಿದಾಗ ಧೂಳು ಕಟ್ಟಿದ ಗಂಟಲಿಗೆಂದು ದೊಡ್ಡ ಟ್ಯಾಂಕಿನ ನಲ್ಲಿಯಿಂದ ಒಬ್ಬೊಬ್ಬರಿಗೆ ಒಂದೊಂದು ಲೋಟ ಬೀರು. ಗಂಟಲು ತೊಳೆಯೋ ಲೋಟ ಎಂದೇ ಅದರ ಹೆಸರು. ಅಪ್ಪಂದಿರ ಕಾಲದಿಂದ ಬಂದ ಮರ್ಯಾದೆ ಎಂದು ಜನ ಹೆಮ್ಮೆಯಿಂದಲೇ ಸಾಲು ನಿಲ್ಲುತ್ತಿದ್ದರು. ತುಂಬಿಸಿ ಕೊಡುವವಳು ಅತ್ತಿಗೆ. ಗಂಡಸು, ಬೆನ್ನ ಮೇಲೆ ಮೂಟೆ ಹೊರುವ ಜೀವ ಎಂದು ತನ್ನ ಪಾಲಿನ ಲೋಟವನ್ನೂ ಗಂಡನಿಗೇ ಕೊಡುತ್ತಿದ್ದಳು.

ಈಗ ಆ ಗಂಡ ಚಾಪೆ ಹಿಡಿದಿದ್ದ. ಕೈ ನಡುಗಿ ಗಂಜಿಯೆಲ್ಲ ಎದೆಯ ಮೇಲೆ ಚೆಲ್ಲುತ್ತಿತ್ತು. ಕಟವಾಯಿಯಿಂದ ಜೊಲ್ಲು ನಿಲ್ಲುತ್ತಿರಲಿಲ್ಲ. ಕಂಪನಿಯವರು ಹೇಳಿದರೆ ಮಾತ್ರ ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಅವಳು ಅದನ್ನೇ ಕೇಳಲು ಧಣಿಯ ಕೋಣೆಗೆ ಹೋಗಿದ್ದಳು.

"ಕುಡುಕನ ಹೊಟ್ಟೆ ಕೊಳೆತ್ರೆ ಕಂಪ್ನಿ ಏನ್ಮಾಡುತ್ತೆ?" ಧಣಿ ಕಿತ್ತಳೆಯ ಬೀಜ ಉಗುಳುತ್ತ ಹೇಳಿದ್ದ. "ನಮ್ಮ ಬೀರು ತಾಯಿ ಹಾಲಿನಷ್ಟು ಶುದ್ಧ. ಎಲ್ಲೋ ಹಾಳುಮೂಳು ಕುಡಿದವ್ನೆ. ಹೋಗು ಆಚೆ, ನಾತ ಹೊಡೀತಿದ್ದೀಯ." ಅವಳು ಕೈಯಿಟ್ಟಿದ್ದ ಮೇಜಿನ ಅಂಚನ್ನು ಜವಾನ ಒದ್ದೆ ಬಟ್ಟೆಯಲ್ಲಿ ಒರೆಸಿದ.

ಮಧ್ಯಾಹ್ನ ಬಾರ್ ಮಾಲೀಕರ ದಂಡು ಬಂತು. ಸರಕು ಹಿಡಿಸಿದರೆ ತಮ್ಮ ಅಂಗಡಿಗಳಿಗೆಲ್ಲ ಇಳಿಸಿಕೊಳ್ಳುವವರು. ಬಡಿಸುವವನು ರಜೆ ಹಾಕಿದ್ದರಿಂದ ಮೇಸ್ತ್ರಿ ಅತ್ತಿಗೆಯನ್ನೇ ಓಡಿಸಿದ.

"ಕೈ ತೊಳ್ಕೊಂಡು ಹೋಗು, ದರಿದ್ರದವಳೇ. ಚಿಕ್ಕ ಪೀಪಾಯಿಂದ ಜಗ್ಗು ತುಂಬ್ಸು. ದೊಡ್ಡ ಟ್ಯಾಂಕಿಂದಲ್ಲ, ಕೇಳಿಸ್ತಾ? ಧಣಿ ಅದನ್ನ ಮೂಸೂ ನೋಡಲ್ಲ."

ಚಿಕ್ಕ ಪೀಪಾಯಿಯ ಬೀರು ಬೇರೆ ಕಂಪನಿಯಿಂದ ತರಿಸಿದ್ದು. ಅತ್ತಿಗೆ ಅದರ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ದೊಡ್ಡ ಟ್ಯಾಂಕಿನ ಕಡೆ ನಡೆದಳು.

ಅತಿಥಿಗಳ ಕೋಣೆಯಲ್ಲಿ ಗಾಜಿನ ಲೋಟಗಳು ತುಂಬಿದವು. ಧಣಿ ತನ್ನದನ್ನು ಎತ್ತಿದ.

"ಕುಡೀರಿ ಧಣಿ," ಅಂದಳು ಅತ್ತಿಗೆ. "ದೊಡ್ಡ ಟ್ಯಾಂಕಿಂದೇ ತಂದಿದ್ದೀನಿ. ಅದೇ, ತಾಯಿ ಹಾಲು."

ಲೋಟ ಮೀಸೆಯ ಹತ್ತಿರವೇ ನಿಂತಿತು. ಆಮೇಲೆ ಮೆಲ್ಲಗೆ ಮೇಜಿಗಿಳಿಯಿತು.

"ಯಾಕ್ರೀ ಇಳಿಸಿಬಿಟ್ರಿ?" ಎಂದ ಒಬ್ಬ.

"ಏನಿಲ್ಲ, ಇವತ್ತು ಹೊಟ್ಟೆ ಸರಿಯಿಲ್ಲ."

ಒಂದೊಂದಾಗಿ ಉಳಿದ ಲೋಟಗಳೂ ಇಳಿದವು. ದಢೂತಿಯೊಬ್ಬ ಆಗಲೇ ಬಾಯ್ತುಂಬ ಎಳೆದುಕೊಂಡಿದ್ದ. ನುಂಗಲಾರ, ರತ್ನಗಂಬಳಿಯ ಮೇಲೆ ಉಗಿಯಲಾರ. ಕೆನ್ನೆ ಉಬ್ಬಿಸಿಕೊಂಡು ಧಣಿಯ ಮುಖವನ್ನೇ ನೋಡುತ್ತ ಕೂತ.

"ಲೇ ಮೇಸ್ತ್ರಿ! ಎಳ್ಕೊಂಡು ಹೋಗೋ ಈ ಸೂಳೇನ!" ಧಣಿ ಕಿರುಚಿದ.

ಅತ್ತಿಗೆ ಬಾಗಿಲಿಗೆ ಚಿಲಕ ಹಾಕಿ ಬೆನ್ನು ಕೊಟ್ಟು ನಿಂತಳು.

"ಒಂದೇ ಲೋಟ ಧಣಿ. ನೀವು ಕುಡಿದುಬಿಡಿ. ನನ್ನ ಗಂಡ ಕುಡುಕ ನನ್ಮಗ ಅಂತ ನಾನೇ ಬೀದಿಬೀದಿ ಸಾರ್ಕೊಂಡು ಬರ್ತೀನಿ. ಕುಡಿಯಲ್ವಾ, ಆಸ್ಪತ್ರೆಗೆ ಫೋನ್ ಮಾಡಿ."

ಮೇಸ್ತ್ರಿ ಆಚೆಯಿಂದ ಬಾಗಿಲು ಗುದ್ದತೊಡಗಿದ. ಪ್ರತಿ ಗುದ್ದಿಗೂ ಅವಳ ಸೀರೆಯಿಂದ ಬಿಳಿ ಪುಡಿ ಉದುರಿ ರತ್ನಗಂಬಳಿಗೆ ಬೀಳುತ್ತಿತ್ತು. ಧಣಿಯ ಲೋಟದಲ್ಲಿ ನೊರೆ ಪುಟಪುಟನೆ ಒಡೆದು ಕೆಳಗಿಳಿಯುತ್ತಿತ್ತು. ದಢೂತಿಯ ಕಟವಾಯಿಯಿಂದ ಒಂದು ಹನಿ ಜಾರಿ, ಗದ್ದ ದಾಟಿ, ಬಿಳಿ ಅಂಗಿಯ ಮೇಲೆ ಬಿತ್ತು.