ದಿಬ್ಬದ ಮೇಲಿನ ಒಲೆ

ನಡುರಾತ್ರಿ ಚಿಲಕ ಸರಿದ ಸಣ್ಣ ಸದ್ದು. ನನ್ನ ನಿದ್ದೆ ಮೊದಲೇ ತೆಳು, ಕೂಡಲೇ ಎದ್ದೆ. ಅತ್ತೆ ಸುರಯ್ಯಾ ಬರಿಗಾಲಲ್ಲಿ ಹೊಸ್ತಿಲ ಮೇಲೆ ನಿಂತಿದ್ದರು. ಮಡಿಲ ತುಂಬ ಆಡಿನ ಒಣ ಹಿಕ್ಕೆ.

"ಬೆಂಕಿ ಆರಿಹೋಗತ್ತೆ," ಎಂದರು.

ಅವರು ಹೇಳಿದ್ದು ನಮ್ಮೂರ ಹಿಸ್ಬಾನ್ ದಿಬ್ಬದ ಮೇಲಿನ, ಎಂದೋ ಆರಿಹೋದ ತಾಬೂನ್ ರೊಟ್ಟಿ ಒಲೆಯ ಮಾತು. ಮದುವೆಯಾದ ಹೊಸದರಲ್ಲಿ ಅವರ ಸಂಸಾರ ಆ ದಿಬ್ಬದ ಗುಹೆಯೊಂದರಲ್ಲಿತ್ತು. ನನ್ನ ಗಂಡ ಮುಫೀದ್ ಹುಟ್ಟಿದ್ದೂ ಅಲ್ಲೇ. ರಾತ್ರಿ ಒಲೆಯ ಮೇಲೆ ಹಿಕ್ಕೆ, ಬೂದಿ ಮುಚ್ಚಿ ಕಾವು ಉಳಿಸಬೇಕು. ಬೆಳಿಗ್ಗೆ ಒಲೆ ತಣ್ಣಗಾಗಿದ್ದರೆ ಸೊಸೆಯ ಮರ್ಯಾದೆ ಹೋದಂತೆ.

ಹಿಂದಿನ ವಾರ ಅತ್ತೆ ಹೀಗೇ ಹೊರಟು ರಸ್ತೆಯಲ್ಲಿ ಬಿದ್ದು ಮಂಡಿ ಒಡೆದುಕೊಂಡಿದ್ದರು. ಇನ್ನೊಮ್ಮೆ ಹೀಗಾದರೆ ಅಮ್ಮನ ಕೋಣೆಗೆ ಹೊರಗಿನಿಂದ ಬೀಗ ಹಾಕುವುದೇ ಸೈ ಎಂದು ಮುಫೀದ್ ಮಾದಬಾ ಪೇಟೆಯಿಂದ ಬೀಗ ತಂದಿಟ್ಟಿದ್ದರು. ಅವರದು ಕ್ರೌರ್ಯವಲ್ಲ, ಭಯ. ನನಗೂ ಅದೇ ಭಯ. ಆದರೆ ಮುಚ್ಚಿದ ಬಾಗಿಲನ್ನು ಅತ್ತೆ ಒಳಗಿನಿಂದ ಬಡಿಯುವುದನ್ನು ಕೇಳುತ್ತ ಮಲಗಿರುವುದು ನನ್ನಿಂದಾಗದು. ಹಗಲಾದ ಮೇಲೆ ನಾನೇ ಕರೆದೊಯ್ಯುತ್ತೇನೆಂದು ಪಿಸುಗುಟ್ಟಿ ಮಲಗಿಸಿದೆ. ಮುಫೀದ್‌ರಿಗೆ ಎಚ್ಚರವಾಗಲಿಲ್ಲ.

ಮಧ್ಯಾಹ್ನ ಶಾಲೆಯಲ್ಲಿ ಪಾಠ ಮುಗಿಸಿ ಬಂದಾಗ ಅತ್ತೆ ಮತ್ತೆ ಮಡಿಲಿಗೆ ಹಿಕ್ಕೆ ತುಂಬಿಕೊಂಡು ಕಾದಿದ್ದರು. ಇಬ್ಬರೂ ನಿಧಾನವಾಗಿ ದಿಬ್ಬ ಹತ್ತಿದೆವು. ಅಲ್ಲಿನ ಪಾಳು ಅವಶೇಷಗಳ ಕಾವಲುಗಾರ ಅಬು ಗಾಜಿ ಎಂದಿನಂತೆ ಕಿಚಾಯಿಸಿದ.

"ಏನ್ ಹಜ್ಜಮ್ಮಾ, ಹಳೇ ಮನೆಗೆ ವಾಪಸ್ ಬಂದ್ಬಿಟ್ರಾ?"

"ನೀನು ಕಾಯೋದು ಕಲ್ಲನ್ನ. ಅದೇನು ಎದ್ದು ಓಡಿಹೋಗತ್ತಾ? ಹೋಗಿ ಆಡು ಕಾಯಿ," ಎಂದರು ಅತ್ತೆ.

ನೆತ್ತಿಯ ಮೇಲೆ ಪ್ರವಾಸಿಗಳ ಗುಂಪೊಂದು ಧರ್ಮಗ್ರಂಥ ಬಿಚ್ಚಿಕೊಂಡು, ಅದರಲ್ಲಿ ಬರುವ ಸೀಹೋನ್ ರಾಜನ ಊರು ಇದೇ ಎಂದು ಕಣ್ಣರಳಿಸಿ ನೋಡುತ್ತಿತ್ತು. ನಾವು ಅವರನ್ನು ದಾಟಿ ಗುಹೆಗೆ ಇಳಿದೆವು.

ಹಳೆಯ ಊರನ್ನು ಹುಡುಕಿ ದಿಬ್ಬ ಅಗೆದ ಸಂಶೋಧಕರು ಒಲೆಯನ್ನು ಹಾಗೇ ಉಳಿಸಿ ಸುತ್ತ ಹಗ್ಗ ಕಟ್ಟಿದ್ದಾರೆ. ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಇಲ್ಲಿಗೆ ಕರೆತಂದು, ಹಗ್ಗದೊಳಗೆ ಕಾಲಿಟ್ಟರೆ ಜೋಕೆ ಎಂದು ಗದರಿಸುವವಳು ನಾನೇ.

ಅತ್ತೆ ಹಗ್ಗದ ಮೇಲಿಂದ ಬಾಗಿ ಒಲೆಯತ್ತ ಅಂಗೈ ಚಾಚಿದರು. ಮುಖ ಸಣ್ಣದಾಯಿತು.

"ತಣ್ಣಗಾಗಿದೆ. ನಮ್ಮತ್ತೆಗೆ ಏನಂತ ಹೇಳ್ಲಿ?"

ಆ ಅಂಜಿಕೆ ನನಗೆ ಗೊತ್ತು. ಅಮ್ಮಾನಿನಲ್ಲಿ ಡಿಗ್ರಿ ಮುಗಿಸಿ ಈ ಊರಿಗೆ ಸೊಸೆಯಾಗಿ ಬಂದಾಗ, ಹಿತ್ತಿಲ ಒಲೆಯನ್ನು ಮೊದಲ ರಾತ್ರಿಯೇ ಆರಿಸಿಬಿಟ್ಟಿದ್ದೆ. ಅತ್ತೆ ಅದನ್ನು ಯಾರಿಗೂ ತಿಳಿಯಗೊಡಲಿಲ್ಲ. ಆ ಚಳಿಗಾಲವೆಲ್ಲ ಕತ್ತಲಲ್ಲೇ ಎದ್ದು ತಾವೇ ರೊಟ್ಟಿ ಸುಟ್ಟರು. ಬೆಳಗಾದ ಮೇಲೆ ಬುಟ್ಟಿಯನ್ನು ನನ್ನ ಕೈಗಿಟ್ಟು, ಇದು ನಮ್ಮ ರುದೈನಾ ಸುಟ್ಟಿದ್ದು ಎಂದು ನೆರೆಯವರಿಗೆಲ್ಲ ಹೇಳಿದರು. ಹಾಗೇ ನಿಧಾನಕ್ಕೆ ನನಗೂ ಕೈ ಕುದುರಿತು. ಮುಫೀದ್‌ರಿಗೆ ಇದು ಇಂದಿಗೂ ಗೊತ್ತಿಲ್ಲ.

ಸುತ್ತಮುತ್ತ ನೋಡಿದೆ. ಯಾರೂ ಇರಲಿಲ್ಲ. ಹಗ್ಗ ದಾಟಿದೆ. ಅತ್ತೆಯ ಮಡಿಲಿನ ಹಿಕ್ಕೆಯನ್ನು ಒಲೆಯ ಮೇಲೆ ಹರಡಿ, ಬೊಗಸೆಯಲ್ಲಿ ಮಣ್ಣು ತೆಗೆದು ಮುಚ್ಚಿ, ಅವರು ಕಲಿಸಿದಂತೆಯೇ ಅಂಚನ್ನು ಒತ್ತಿದೆ. ಕೊನೆಗೆ ಕೈಯಿಟ್ಟು ನೋಡಿದೆ.

"ಬಿಸಿ ಇದೆ ಯಮ್ಮಾ. ಒಳಗೆ ಕೆಂಡ ಇದೆ. ಇನ್ಮೇಲೆ ನಾನೇ ಮುಚ್ತೀನಿ, ದಿನಾ."

"ನಿಂಗೆ ಬರತ್ತಾ?"

"ನೀವೇ ಕಲಿಸಿದ್ದಲ್ವಾ?"

ಅವರು ನನ್ನ ಮಣ್ಣುಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹಾಗಾದ್ರೆ ಸರಿ. ನಾನಿನ್ನು ಮಲಗ್ಬಹುದು," ಎಂದರು.

ಅಂದು ರಾತ್ರಿ ಕಿವಿಯನ್ನು ಚಿಲಕದ ಮೇಲೇ ಇಟ್ಟು ಮಲಗಿದೆ. ಸದ್ದಿಲ್ಲ. ಮರುದಿನವೂ ಇಲ್ಲ. ವಾರ ಕಳೆದರೂ ಬೀಗ ಪೊಟ್ಟಣದಲ್ಲೇ ಇತ್ತು. ಅಮ್ಮನಿಗೆ ಅದ್ಯಾವ ಮದ್ದು ಹಾಕಿದೆ ಎಂದು ಮುಫೀದ್ ನಗುತ್ತ ಕೇಳಿದರು. ಪಕ್ಕದಲ್ಲಿ ಅತ್ತೆ ರೊಟ್ಟಿ ಮುರಿದು ಎಣ್ಣೆಯಲ್ಲಿ ಅದ್ದುತ್ತಿದ್ದರು. ನಾನು ಅತ್ತೆಯ ಲೋಟಕ್ಕೆ ಚಹಾ ಬಗ್ಗಿಸಿದೆ.

ನನ್ನ ಒಲೆ ಆರಿದ್ದನ್ನು ಅವರು ಈವರೆಗೆ ಯಾರಿಗೂ ಹೇಳಿಲ್ಲ. ಅವರ ಒಲೆಯ ಮಾತನ್ನು ನಾನೂ ಯಾರಿಗೂ ಹೇಳುವುದಿಲ್ಲ.