ಎರಡನೇ ಮಹಡಿ ಖಾಲಿ

ಬಾಗಿಲ ಹಿಡಿಗೆ ತೂಗುಹಾಕುವ ಪ್ಲಾಸ್ಟಿಕ್ ಬಿಲ್ಲೆಯ ಬಣ್ಣ ಯಾವುದಿರಬೇಕು ಎಂಬ ಪ್ರಶ್ನೆಯನ್ನು ಆ ಹಿರಿಯರ ವಸತಿಯ ನಿವಾಸಿಗಳು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮೂರು ಸಭೆಗಳು ನಡೆದವು. ಒಂದು ಉಪಸಮಿತಿ ಹುಟ್ಟಿತು. ಅದರ ಬೆನ್ನಿಗೇ ಉಪಸಮಿತಿಯೊಳಗೆ ಭಿನ್ನಮತವೂ ಹುಟ್ಟಿತು. ಕೆಂಪು ಕಂಡರೆ ರಕ್ತದೊತ್ತಡ ಏರುತ್ತದೆ ಎಂದರು ಕೆಲವರು. ಹಸಿರು ಎಂದರೆ ಎಲ್ಲ ಸರಿಯಿದೆ ಎಂದರ್ಥ, ಬಿರುಗಾಳಿಯ ಹೊತ್ತಿನಲ್ಲಿ ಎಲ್ಲ ಸರಿಯಿರುವುದು ಹೇಗೆ ಎಂದರು ಇನ್ನು ಕೆಲವರು. ಕೊನೆಗೆ ಜಡ್ಜ್ ಸಾಹೇಬರು ಎದ್ದು ನಿಂತು ಹಳದಿ ಎಂದು ತೀರ್ಪು ಕೊಟ್ಟರು. ಅವರು ಕೋರ್ಟಿನಲ್ಲಿ ಮೂವತ್ತೈದು ವರ್ಷ ಗುಮಾಸ್ತರಾಗಿದ್ದವರು. ಇಲ್ಲಿಗೆ ಬಂದ ಮೇಲೆ ಯಾರೋ ಜಡ್ಜ್ ಎಂದು ಕರೆದಿದ್ದರು, ಅವರು ತಿದ್ದಿರಲಿಲ್ಲ. ಹಳದಿ ಯಾರಿಗೂ ಇಷ್ಟವಿರಲಿಲ್ಲ. ಆದ್ದರಿಂದ ಎಲ್ಲರೂ ಒಪ್ಪಿದರು.

ಬಿಲ್ಲೆಯ ಕೆಲಸ ಬಿರುಗಾಳಿಗೆ ಸಂಬಂಧಿಸಿದ್ದು. ಆ ಊರಿನಲ್ಲಿ ವಸಂತವೆಂದರೆ ಹೂವು ನೋಡುವ ಕಾಲವಲ್ಲ, ಆಕಾಶ ನೋಡುವ ಕಾಲ. ಮಧ್ಯಾಹ್ನ ಮೂರು ದಾಟಿದ ಮೇಲೆ ಪಶ್ಚಿಮದಲ್ಲಿ ಮೋಡ ಹಳೆಯ ಏಟಿನ ಬಣ್ಣಕ್ಕೆ ತಿರುಗುವುದು, ಗಾಳಿ ತಟಕ್ಕನೆ ನಿಲ್ಲುವುದು, ಊರ ಸೈರನ್ ಕೂಗುವುದು. ಸೈರನ್ ಕೂಗಿದ ಕೂಡಲೇ ಲಿಫ್ಟ್ ಬಂದ್. ಎಂಬತ್ತಾರು ಜನ ಮೆಟ್ಟಿಲಿಳಿದು ನೆಲಮಾಳಿಗೆ ಸೇರಬೇಕು. ಹೊರಟವರ ಬಾಗಿಲಿಗೆ ಬಿಲ್ಲೆ ಬೀಳಬೇಕು. ಬಿಲ್ಲೆಯ ಮೇಲೆ ಒಂದೇ ಪದ: ಖಾಲಿ. ಬಿಲ್ಲೆ ಇಲ್ಲದ ಬಾಗಿಲು ಕಂಡರೆ ಒಳಗೆ ಯಾರೋ ಇದ್ದಾರೆಂದು ತಿಳಿದು ಸಿಬ್ಬಂದಿ ಪಟ್ಟಿ ಬಿಗಿಯುವ ಕುರ್ಚಿ ತಂದು, ಅವರನ್ನು ಅದರಲ್ಲಿ ಕೂರಿಸಿ ಇಳಿಸುತ್ತಿದ್ದರು.

ತನ್ನ ಬಿಲ್ಲೆಯನ್ನು ತಾನೇ ಹಾಕಿಕೊಳ್ಳುವಂತಿರಲಿಲ್ಲ. "ತನ್ನ ಬಗ್ಗೆ ತಾನೇ ಹೇಳೋದು ಹೇಳಿಕೆ ಆಗುತ್ತೆ, ಸಾಕ್ಷಿ ಆಗಲ್ಲ," ಎಂದು ಜಡ್ಜ್ ಸಾಹೇಬರು ಒಂದು ಕಲಂ ಸೇರಿಸಿದ್ದರು. ಪ್ರತಿಯೊಬ್ಬರ ಬಿಲ್ಲೆ ಪಕ್ಕದ ಮನೆಯವರ ಬಳಿ ಇರುತ್ತಿತ್ತು. ಪಕ್ಕದವರು ಹೊರಬಿದ್ದುದನ್ನು ಕಣ್ಣಾರೆ ನೋಡಿ ಹಾಕಬೇಕು.

ಎರಡನೇ ಮಹಡಿಯ ಇನ್ನೂರ ಏಳರ ಬಿಲ್ಲೆ ಇದ್ದದ್ದು ಇನ್ನೂರ ಎಂಟರ ಆಪರೇಟರಮ್ಮನ ಹತ್ತಿರ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತವರು. ಊರಿನ ಅರ್ಧ ಸಂಸಾರಗಳ ಜಗಳ ಆ ಕಿವಿಯ ಮೂಲಕವೇ ಹಾದುಹೋಗಿತ್ತು. ಒಂದು ಮಾತೂ ಬಾಯಿಂದ ಹೊರಬಂದಿರಲಿಲ್ಲ. ಅದನ್ನು ಆಕೆ ಎಂದೂ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಬೇರೆಯವರು ಹೇಳಿದರೆ ತಡೆಯುತ್ತಲೂ ಇರಲಿಲ್ಲ.

ಇನ್ನೂರ ಏಳರಲ್ಲಿದ್ದವರು ಲಿಫ್ಟ್ ಮೇಸ್ತ್ರಿ. ಎಂಬತ್ತು ದಾಟಿದ್ದ ಅವರ ಬಲಗಾಲು ಚಳಿಗಾಲದಿಂದ ಹೇಳಿದ ಮಾತು ಕೇಳುತ್ತಿರಲಿಲ್ಲ. ವಸಂತದ ಮೊದಲ ಬಿರುಗಾಳಿಯಲ್ಲಿ ಅವರನ್ನು ಎಲ್ಲರ ಕಣ್ಣೆದುರೇ ಕುರ್ಚಿಯಲ್ಲಿ ಹೊತ್ತು ಇಳಿಸಿದ್ದರು. ಮಾರನೆಯ ದಿನ ಅವರು ಆಪರೇಟರಮ್ಮನ ಬಾಗಿಲು ತಟ್ಟಿದರು.

"ಒಂದು ಸಲ ಆಯ್ತು. ಇನ್ನೊಂದು ಸಲ ಆ ಕುರ್ಚೀಲಿ ಕೂತ್ರೆ ಹಿಂದಿನ ಬ್ಲಾಕೇ ಗತಿ. ನಿಯಮ ಗೊತ್ತಲ್ಲ ನಿಮಗೆ? ಸೈರನ್ ಆದಾಗ ನನ್ನ ಬಿಲ್ಲೆ ಹಾಕಿ ನೀವು ಇಳಿದು ಹೋಗಿ. ಅಷ್ಟೇ ಕೇಳ್ತಿರೋದು."

"ನೀವು ಒಳಗೇ ಇರ್ತೀರಾ? ಗಾಳಿ ಕಿಟಕಿ ಕಿತ್ಕೊಂಡು ಬಂದ್ರೆ?"

"ಬಾತ್‌ರೂಮಲ್ಲಿ ಕೂತಿರ್ತೀನಿ. ಅಲ್ಲಿ ಕಿಟಕಿನೇ ಇಲ್ಲ. ಸ್ಟೂಲ್ ಇಟ್ಟಿದೀನಿ, ರೇಡಿಯೋ ಇಟ್ಟಿದೀನಿ. ನಲವತ್ತು ವರ್ಷ ಲಿಫ್ಟಿನ ಬಾವಿಯೊಳಗೆ ನಿಂತು ಕೆಲಸ ಮಾಡ್ದೋನು ನಾನು. ಗಾಳಿಗೆ ಹೆದರ್ತೀನಾ?"

"ಆವಾಗ ನಿಮಗೆ ಎರಡು ಕಾಲಿತ್ತು ಮೇಸ್ತ್ರಿಗಳೇ."

"ಈಗಲೂ ಎರಡಿದೆ. ಒಂದು ರಜೆ ಮೇಲಿದೆ."

ಆಪರೇಟರಮ್ಮ ನಕ್ಕರು. ನಕ್ಕ ಮೇಲೆ ಇಲ್ಲ ಅನ್ನುವುದು ಕಷ್ಟ. "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ," ಎಂದರು ಮೇಸ್ತ್ರಿ. ಆಕೆ ಕೊಟ್ಟರು.

ಹಿಂದಿನ ಬ್ಲಾಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡು ಸಲ ಕುರ್ಚಿಯಲ್ಲಿ ಇಳಿದವರನ್ನು ಖಾಯಂ ಅಲ್ಲಿಗೆ ಸಾಗಿಸುವುದು ನಿಯಮ. ಅಂಗಳದಾಚೆ ನಲವತ್ತು ಹೆಜ್ಜೆ ದೂರದಲ್ಲಿ, ಒಂದೇ ಅಂತಸ್ತಿನ ಅಚ್ಚುಕಟ್ಟಾದ ಕಟ್ಟಡ. ಗೋಡೆಯ ಎರಡೂ ಕಡೆ ಹಿಡಿಕೆ, ಮಂಚಕ್ಕೆ ತಡೆಕಂಬಿ, ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ. ಅಲ್ಲಿಗೆ ಹೋದವರ ಬಗ್ಗೆ ಮುಂದಿನ ಕಟ್ಟಡದವರು ಭೂತಕಾಲದಲ್ಲಿ ಮಾತನಾಡುತ್ತಿದ್ದರು. "ಪಾಪ, ಎಷ್ಟು ಚೆನ್ನಾಗಿ ಇಸ್ಪೀಟು ಆಡ್ತಿದ್ರು," ಎಂದು ಮರುಗುವಾಗ ಆ ಮನುಷ್ಯರು ನಲವತ್ತು ಹೆಜ್ಜೆಯಾಚೆ ಒಬ್ಬರೇ ಕೂತು ಚಹಾ ಕುಡಿಯುತ್ತಿರುತ್ತಿದ್ದರು.

ಎರಡು ಬಿರುಗಾಳಿಗಳು ಹಾಗೇ ದಾಟಿಹೋದವು. ಆಪರೇಟರಮ್ಮ ಬಿಲ್ಲೆ ಹಾಕಿ ಇಳಿದರು, ಸುಮ್ಮನೆ ಕೂತರು, ಹತ್ತಿ ಬಂದರು. ಬಾಗಿಲು ತೆರೆದು ಮೇಸ್ತ್ರಿ, "ರೇಡಿಯೋದಲ್ಲಿ ಒಳ್ಳೆ ಕಾರ್ಯಕ್ರಮ ಇತ್ತು, ನಿಮಗೆ ತಪ್ಪಿಹೋಯ್ತು," ಎಂದರು.

ಮುಂದಿನದು ಬೇರೆ ಥರದ್ದು. ಸೈರನ್ನಿನ ಜೊತೆಗೇ ಆಲಿಕಲ್ಲು ಬಿತ್ತು. ನೆಲಮಾಳಿಗೆಯಲ್ಲಿ ದೀಪ ಎರಡು ಸಲ ಮಿಣುಕಿ ಆರಿತು. ಆಮೇಲೆ ಬಂದದ್ದು ಗುಡುಗಲ್ಲ. ಭಾರವಾದ ಏನೋ ಒಂದು ಕಟ್ಟಡಕ್ಕೆ ಒರಗಿಕೊಂಡು, ಸ್ವಲ್ಪ ಯೋಚಿಸಿ, ಒಳಕ್ಕೆ ನುಗ್ಗಿದ ಸದ್ದು. ಅದರ ಹಿಂದೆ ಗಾಜಿನ ಸದ್ದು ಬಹಳ ಹೊತ್ತು ಕೇಳಿಸಿತು. ಕತ್ತಲಲ್ಲಿ ಯಾರೋ ಅಳಲು ಶುರುಮಾಡಿದರು. "ಅಳಬೇಡಿ, ಉಸಿರು ಸಾಲಲ್ಲ," ಎಂದು ಇನ್ಯಾರೋ ಗದರಿದರು. ಆಪರೇಟರಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತು ತಮಗೆ ತಾವೇ ಹೇಳಿಕೊಂಡರು: ಬಾತ್‌ರೂಮಿಗೆ ಕಿಟಕಿ ಇಲ್ಲ. ಹತ್ತು ಸಲ ಹೇಳಿಕೊಂಡರು. ಹನ್ನೊಂದನೆಯ ಸಲ ಅದು ಸಮಾಧಾನದಂತೆ ಕೇಳಿಸಲಿಲ್ಲ.

ಗಾಳಿ ಇಳಿದ ಮೇಲೆ ಅಗ್ನಿಶಾಮಕದವರು ಬಂದರು. ಅವರ ಅಧಿಕಾರಿಯ ಬೂಟಿನಿಂದ ನೀರು ಸೋರುತ್ತಿತ್ತು. ಮ್ಯಾನೇಜರ್ ಟಾರ್ಚು ಹಿಡಿದು ಎದುರಿಗೆ ಹೋದರು.

"ಪಶ್ಚಿಮದ ಕಡೆ ದೊಡ್ಡ ಮರ ಎರಡನೇ ಮಹಡಿ ಮೇಲೆ ಬಿದ್ದಿದೆ," ಎಂದರು ಅಧಿಕಾರಿ. "ಮೆಟ್ಟಿಲ ತುಂಬ ಗಾಜು, ಮೇಲ್ಛಾವಣಿ ಹಲಗೆ. ಮೇಲೆ ಯಾರಾದ್ರೂ ಉಳಿದಿದ್ದಾರಾ?"

ಮ್ಯಾನೇಜರ್ ಜಡ್ಜ್ ಸಾಹೇಬರ ಕಡೆ ತಿರುಗಿದರು. ಆ ಮಹಡಿಯ ಬಿಲ್ಲೆ ಎಣಿಸುವ ಹೊಣೆ ಅವರದು.

"ಎಲ್ಲ ಬಾಗಿಲಿಗೂ ಬಿಲ್ಲೆ ಬಿದ್ದಿದೆ," ಎಂದರು ಜಡ್ಜ್ ಸಾಹೇಬರು. "ಎರಡನೇ ಮಹಡಿ ಖಾಲಿ."

"ಒಳ್ಳೇದಾಯ್ತು. ಹಾಗಾದ್ರೆ ನಾವು ಶಾಲೆ ಹತ್ರ ಹೋಗ್ತೀವಿ, ಅಲ್ಲಿ ಗೋಡೆ ಕುಸಿದಿದೆ. ಬೆಳಿಗ್ಗೆ ಬಂದು ಮರ ತೆಗೀತೀವಿ. ಅಲ್ಲೀವರೆಗೆ ಯಾರೂ ಮೇಲೆ ಹೋಗ್ಬೇಡಿ."

ಬೆಳಿಗ್ಗೆ ಎಂದರೆ ಇನ್ನೂ ಇಡೀ ರಾತ್ರಿ ಎಂದು ಆಪರೇಟರಮ್ಮ ಲೆಕ್ಕ ಹಾಕಿದರು. ಮೇಸ್ತ್ರಿ ಸ್ಟೂಲಿನ ಮೇಲೆ ಕ್ಷೇಮವಾಗಿದ್ದರೆ, ಈಗ ಬಾಯಿ ಬಿಡುವುದೆಂದರೆ ಅವರನ್ನು ತಮ್ಮ ಕೈಯಾರೆ ಹಿಂದಿನ ಬ್ಲಾಕಿಗೆ ತಳ್ಳಿದಂತೆ. ಮೂವತ್ತೊಂದು ವರ್ಷ ಒಂದು ಗುಟ್ಟನ್ನೂ ಬಿಟ್ಟುಕೊಡದ ನಾಲಿಗೆ ಇದು. ಕ್ಷೇಮವಾಗಿಲ್ಲದಿದ್ದರೆ? ಅಧಿಕಾರಿ ಬಾಗಿಲವರೆಗೆ ಹೋಗಿದ್ದರು. ಹೊಸಿಲು ದಾಟಿ ಒಂದು ಕಾಲು ಹೊರಗಿಟ್ಟಿದ್ದರು.

"ಸಾರ್," ಎಂದರು ಆಪರೇಟರಮ್ಮ. ಅಧಿಕಾರಿಗೆ ಕೇಳಿಸಲಿಲ್ಲ. ಮತ್ತೆ ಕೂಗಿದರು: "ಸಾರ್! ಖಾಲಿ ಇಲ್ಲ. ಇನ್ನೂರ ಏಳರಲ್ಲಿ ಮೇಸ್ತ್ರಿಗಳಿದ್ದಾರೆ. ಬಿಲ್ಲೆ ಹಾಕಿದ್ದು ನಾನೇ."

ಎಲ್ಲರೂ ಆಕೆಯ ಕಡೆ ನೋಡಿದರು. ಹಾಗೆ ನೋಡಿಸಿಕೊಳ್ಳುವುದು ಎಪ್ಪತ್ತನಾಲ್ಕು ವರ್ಷದಲ್ಲಿ ಅದೇ ಮೊದಲು. ಆಮೇಲೆ ಮೂಲೆಯಿಂದ ಒಂದು ಸಣ್ಣ ಸ್ವರ ಬಂತು.

"ಇನ್ನೂರ ಹನ್ನೊಂದು," ಎಂದಿತು ಅದು. "ನಮ್ಮ ಯಜಮಾನ್ರು. ಅವರಿಗೆ ಇಳಿಯೋಕಾಗಲ್ಲ. ಪಕ್ಕದ ಮನೆಯವರಿಗೆ ನಾನೇ ಹೇಳಿ ಹಾಕಿಸ್ದೆ."

ಅಧಿಕಾರಿ ಒಳಕ್ಕೆ ಬಂದರು. "ಇನ್ನೂ ಯಾರಾದ್ರೂ ಇದ್ರೆ ಒಟ್ಟಿಗೇ ಹೇಳ್ಬಿಡಿ ತಾಯಂದಿರೇ. ಹೊತ್ತಿಲ್ಲ."

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಅಂಗಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. "ಇನ್ನೂರ ಎರಡು," ಎಂದರು. "ಟೈಲರ್. ನನ್ನ ಪಕ್ಕದ ಮನೆ."

ಹೀಗೆ ಅಧಿಕೃತವಾಗಿ ಖಾಲಿಯಾಗಿದ್ದ ಮಹಡಿಯಲ್ಲಿ ಅಗ್ನಿಶಾಮಕದವರಿಗೆ ಮೂರು ಜನ ಸಿಕ್ಕರು. ಇನ್ನೂರ ಹನ್ನೊಂದರ ಯಜಮಾನರು ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ್ದರು, ಎಬ್ಬಿಸಿದವರನ್ನು ಬೈದರು. ಟೈಲರ್ ಮೇಜಿನ ಕೆಳಗೆ ಮುದುಡಿಕೊಂಡಿದ್ದರು, ಎಳೆದರೂ ಬರಲೊಲ್ಲರು. ಇನ್ನೂರ ಏಳರ ಬಾತ್‌ರೂಮಿನಲ್ಲಿ ಸ್ಟೂಲ್ ಇತ್ತು, ರೇಡಿಯೋ ಹಾಡುತ್ತಿತ್ತು, ಮೇಸ್ತ್ರಿ ಇರಲಿಲ್ಲ. ಬಡಿದುಕೊಳ್ಳುತ್ತಿದ್ದ ಕೋಣೆಯ ಕಿಟಕಿಯನ್ನು ಮುಚ್ಚಲು ಅವರು ಹೊರಗೆ ಬಂದಿದ್ದರು. ಮರದ ಕೊಂಬೆ ಬೀರುವನ್ನು ಅವರ ಮೇಲೆ ಕೆಡವಿತ್ತು. ಎಡತೊಡೆಯ ಮೂಳೆ ಮುರಿದು, ಗಾಜು ತಗುಲಿದ ಕೈಯಿಂದ ರಕ್ತ ಹೋಗುತ್ತಲೇ ಇತ್ತು. ನಲವತ್ತು ನಿಮಿಷದಿಂದ ಹಾಗೇ ಬಿದ್ದಿದ್ದರು. ಬೆಳಗಿನವರೆಗೆ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯವರು ಹೇಳಿದರು.

ಮುಂದಿನ ವಾರ ಸಭೆ ಸೇರಿತು. ಈ ಸಲ ಉಪಸಮಿತಿ ಬೇಕೆಂದು ಯಾರೂ ಕೇಳಲಿಲ್ಲ.

"ನನ್ನ ಹತ್ರ ಇರೋದು ಎರಡು ಕುರ್ಚಿ, ನಾಲ್ಕು ಜನ ಸಿಬ್ಬಂದಿ," ಎಂದರು ಮ್ಯಾನೇಜರ್. ಅವರ ಕಣ್ಣುಗಳು ಕೆಂಪಾಗಿದ್ದವು. "ಯಾರನ್ನ ಹೊರಬೇಕು ಅಂತ ಮೊದಲೇ ಗೊತ್ತಿದ್ರೆ ಹೇಗಾದ್ರೂ ಇಳಿಸ್ತೀನಿ. ನೀವೇ ಮುಚ್ಚಿಟ್ರೆ ನಾನೇನು ಮಾಡ್ಲಿ?"

"ಗೊತ್ತಾದ್ರೆ ಹಿಂದಕ್ಕೆ ಸಾಗಹಾಕ್ತೀರಲ್ಲ ಸ್ವಾಮಿ," ಎಂದರು ಒಬ್ಬರು. "ಕುಂಟಿದ್ರೆ ಅಪರಾಧ ಅನ್ನೋ ಹಾಗೆ."

"ಎರಡು ಸಲ ಹೊತ್ತ ಮೇಲೂ ಮೇಲಿನ ಮಹಡೀಲೇ ಬಿಟ್ಟು, ಏನಾದ್ರೂ ಆದ್ರೆ ನಿಮ್ಮ ಮಕ್ಕಳಿಗೆ ಉತ್ತರ ಕೊಡೋರು ಯಾರು?"

ಇನ್ನೊಬ್ಬರು ಆಪರೇಟರಮ್ಮನ ಕಡೆಗೆ ಕೈ ಮಾಡಿದರು. "ಇವರೊಬ್ಬರು ಬಾಯಿ ಮುಚ್ಕೊಂಡಿದ್ರೆ ಇದೆಲ್ಲ ಹೊರಗೇ ಬರ್ತಿರ್ಲಿಲ್ಲ."

"ಬರ್ತಿತ್ತು," ಎಂದರು ಅಷ್ಟೊತ್ತು ಬಾಗಿಲ ಬಳಿ ನಿಂತಿದ್ದ ನರ್ಸಮ್ಮ. "ಬೆಳಿಗ್ಗೆ ಹೆಣ ಹೊರಗೆ ಬರ್ತಿತ್ತು." ಆಕೆ ಹಿಂದಿನ ಬ್ಲಾಕಿನಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದರು, ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು. "ಹಿಂದಿನ ಬ್ಲಾಕಲ್ಲೇನು ಹುಲಿ ಇದೆಯಾ? ಹನ್ನೊಂದು ಜನ ಇದ್ದಾರೆ. ನಿಮ್ಮ ಜೊತೇಲೇ ಊಟ ಮಾಡ್ತಿದ್ದೋರು. ಅವರು ಅಲ್ಲಿಗೆ ಬಂದ ಮೇಲೆ ನಿಮ್ಮಲ್ಲಿ ಒಬ್ಬರಾದ್ರೂ ಅಂಗಳ ದಾಟಿ ಬಂದು ಕೂತಿದೀರಾ? ಆ ಜಾಗಕ್ಕೆ ಅಷ್ಟು ಹೆದರಿಕೆ ಬರೋ ಹಾಗೆ ಮಾಡಿದ್ದು ನಿಯಮ ಅಲ್ಲ, ನೀವು."

ಮೇಸ್ತ್ರಿಯನ್ನು ಮೂರು ವಾರದ ನಂತರ ಆಸ್ಪತ್ರೆಯಿಂದ ಕರೆತಂದರು. ಅವರು ಯಾವ ಬ್ಲಾಕಿಗೆ ಎಂದು ಯಾರೂ ಕೇಳಲಿಲ್ಲ. ಆಪರೇಟರಮ್ಮ ಅಂಗಳ ದಾಟಿ ಹೋದರು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಮೇಸ್ತ್ರಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು.

"ಮಾತು ಕೊಟ್ಟಿದ್ರಿ," ಎಂದರು ಅವರು.

"ಕೊಟ್ಟಿದ್ದೆ."

"ಇಟ್ಕೊಳ್ಳೋಕಾಗ್ಲಿಲ್ಲ."

"ಇಟ್ಕೊಂಡೆ ಮೇಸ್ತ್ರಿಗಳೇ. ನಲವತ್ತು ನಿಮಿಷ. ಅದೇ ನಾನು ಮಾಡಿದ ತಪ್ಪು."

ಮೇಸ್ತ್ರಿ ತಿರುಗಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಚಮಚದಿಂದ ಲೋಟ ಕಲಕುತ್ತಿದ್ದರು, ನಿಲ್ಲಿಸುತ್ತಿರಲಿಲ್ಲ.

"ಆ ನಲವತ್ತು ನಿಮಿಷ ನಾನೇನ್ ಮಾಡ್ತಿದ್ದೆ ಗೊತ್ತಾ?" ಎಂದರು ಅವರು. "ಮೊದಲು ಯಾರಿಗೂ ಹೇಳ್ಬೇಡಿ ಹೇಳ್ಬೇಡಿ ಅಂತ ಅಂದ್ಕೊಂಡೆ. ಆಮೇಲೆ ನಿಮ್ಮನ್ನೇ ಕೂಗಿದೆ. ಆಪರೇಟರಮ್ಮ, ಹೇಳ್ರೀ, ಯಾರಿಗಾದ್ರೂ ಹೇಳ್ರೀ ಅಂತ. ಗಂಟಲು ಹರಿಯೋ ಹಾಗೆ."

ಆಪರೇಟರಮ್ಮ ಅವರ ಹೊದಿಕೆಯ ಅಂಚನ್ನು ಸರಿಮಾಡಿದರು. ಸರಿಯಾಗೇ ಇತ್ತು.

ಅಲ್ಲಿಂದ ಎದ್ದವರು ಮನೆಗೆ ಹೋಗದೆ ನೇರ ಆಫೀಸಿಗೆ ಹೋದರು. ಮ್ಯಾನೇಜರ್ ಕಿಟಕಿಗೆ ಹೊಸ ಗಾಜು ಹಾಕುವವರ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದರು. ಮುಗಿಯುವವರೆಗೆ ನಿಂತರು.

"ನನ್ನ ಹೆಸರು ಬರ್ಕೊಳ್ಳಿ."

"ಯಾತಕ್ಕಮ್ಮ?"

"ಹೊತ್ತು ಇಳಿಸಬೇಕಾದವರ ಪಟ್ಟಿಗೆ. ಎಡಮಂಡಿ. ಇಳಿಯೋವಾಗ ಎರಡು ಸಲ ಮಡಚಿಕೊಂಡಿದೆ. ಒಂದು ಸಲ ಬಿದ್ದಿದೀನಿ. ಯಾರಿಗೂ ಹೇಳಿರ್ಲಿಲ್ಲ."

"ಅಲ್ಲಮ್ಮ, ನೀವು ಇಳಿಯೋದನ್ನ ನಾನೇ ನೋಡಿದೀನಿ. ಚೆನ್ನಾಗೇ ಇಳೀತೀರಿ."

"ನೀವು ನೋಡೋವಾಗ ಚೆನ್ನಾಗೇ ಇಳೀತೀನಿ."

ಮ್ಯಾನೇಜರ್ ಪೆನ್ನು ಹಿಡಿದುಕೊಂಡೇ ಕೂತರು. "ಬರೆದ್ರೆ ನಿಯಮದ ಪ್ರಕಾರ ಮುಂದೆ..."

"ನಿಯಮ ಗೊತ್ತು. ಬರೀರಿ."

ಬರೆದರು. ಆ ಸಂಜೆ ಇನ್ನೂರ ಹನ್ನೊಂದರ ಹೆಂಗಸು ಬಂದು ಗಂಡನ ಹೆಸರು ಬರೆಸಿದರು. ಮಾರನೆಯ ದಿನ ಟೈಲರ್ ಬಂದರು, ಅವರ ಹಿಂದೆ ಇನ್ನೂ ಕೆಲವರು, ಒಬ್ಬರನ್ನೊಬ್ಬರು ನೋಡದ ಹಾಗೆ. ಜಡ್ಜ್ ಸಾಹೇಬರು ಶನಿವಾರ ಬಂದು, ತಮಗೆ ಸಂಜೆಯಾದ ಮೇಲೆ ಮೆಟ್ಟಿಲ ಅಂಚು ಕಾಣುವುದಿಲ್ಲವೆಂದೂ, ಇದು ಎರಡು ವರ್ಷದ ಹಳೆಯ ಮಾತೆಂದೂ ಹೇಳಿಕೆ ಕೊಟ್ಟರು. ಒಟ್ಟು ಹದಿನಾಲ್ಕು ಹೆಸರುಗಳಾದವು. ಹಿಂದಿನ ಬ್ಲಾಕಿನಲ್ಲಿ ಆಗ ಉಳಿದಿದ್ದದ್ದು ಮೂರೇ ಹಾಸಿಗೆ. ಎರಡು ಸಲದ ನಿಯಮವನ್ನು ಜಾರಿ ಮಾಡಲು ಜಾಗವೇ ಇಲ್ಲದ್ದರಿಂದ ಮ್ಯಾನೇಜರ್ ಅದನ್ನು ಕೈಬಿಟ್ಟರು.

ಆ ವಸಂತದಲ್ಲಿ ಇನ್ನೂ ಎರಡು ಬಿರುಗಾಳಿ ಬಂದವು. ಸಿಬ್ಬಂದಿ ಸೈರನ್ನಿಗೆ ಕಾಯದೆ ಆಕಾಶ ಕಪ್ಪಾದಾಗಲೇ ಇಳಿಸಲು ಶುರುಮಾಡಿದರು. ಹದಿನಾಲ್ಕು ಜನರಿಗೆ ಮೊದಲ ಸಲ ಮೂವತ್ತೊಂದು ನಿಮಿಷ ಹಿಡಿಯಿತು, ಎರಡನೆಯ ಸಲ ಇಪ್ಪತ್ತಾರು. ಯಾರಿಗೂ ಏನೂ ಆಗಲಿಲ್ಲ. ಮೇಸ್ತ್ರಿ ಮತ್ತೆ ನಡೆಯಲಿಲ್ಲ.