ಹನ್ನೊಂದು ಮನೆಯ ಗೋಡೆ

ಮೇಸ್ತ್ರಿ ಗೋಡೆಯ ಸಂದಿಗೆ ಅಂಗೈ ತೂರಿಸಿದ. ಮಣಿಕಟ್ಟಿನವರೆಗೂ ಸಲೀಸಾಗಿ ಹೋಯಿತು. ಕೈ ಹೊರಗೆಳೆದು, ಅಂಟಿದ್ದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು, "ಇದು ಬಿರುಕಲ್ಲ ಕಣಮ್ಮ, ಕಟ್ಟಿದಾಗಿಂದ ಹೀಗೇ ಇದೆ. ನಿಮ್ಮ ಹಿರಿಯರಿಗೇನು ತಲೆ ಕೆಟ್ಟಿತ್ತಾ?" ಅಂದ.

"ಕೆಟ್ಟಿರಲಿಲ್ಲ, ತುಸು ಜಾಸ್ತಿನೇ ನೆಟ್ಟಗಿತ್ತು," ಅಂದಳು ಕೀಲಿಯಮ್ಮ. ಮೂವತ್ತು ವರ್ಷದಿಂದ ಈ ಚರ್ಚಿನ ಬಾಗಿಲು ತೆಗೆಯುವವಳು, ಗುಡಿಸುವವಳು, ಬೀಗ ಹಾಕುವವಳು ಅವಳೇ. ಹಿರಿಯರನ್ನು ಅವಳು ಬೈಯಬಹುದು. ಬೇರೆಯವರು ಬೈದರೆ ಉರಿಯುತ್ತದೆ.

ಆದರೆ ಮೇಸ್ತ್ರಿ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಈ ಗುಡ್ಡಕ್ಕೆ ಮೊದಲು ಬಂದು ನೆಲ ಹಸನು ಮಾಡಿದ್ದು ಹನ್ನೊಂದು ಮನೆಯವರು. ಉತ್ತಲ್ಲೆಲ್ಲ ಕಲ್ಲು. ಆ ಕಲ್ಲಿನಲ್ಲೇ ಚರ್ಚು ಕಟ್ಟೋಣ ಅಂತ ಎಲ್ಲರೂ ತಲೆಯಾಡಿಸಿದರು. ಒಗ್ಗಟ್ಟು ಅಲ್ಲಿಗೆ ಮುಗಿಯಿತು. ಯಾರ ಕಲ್ಲಿನ ಮೇಲೆ ಯಾರ ಕಲ್ಲು ಕೂರಬೇಕು ಅಂತ ಜಗಳ ಹತ್ತಿ, ಕೊನೆಗೆ ಹಗ್ಗ ಹಿಡಿದು ಅಳೆದು, ಮನೆಗೆ ಹತ್ತು ಮೊಳ ಗೋಡೆ ಅಂತ ಪಾಲು ಮಾಡಿಕೊಂಡರು. ಪ್ರತಿ ಮನೆಯವರೂ ತಮ್ಮ ಹೊಲದ ಕಲ್ಲಿನಿಂದ ತಮ್ಮ ಪಾಲನ್ನು ಬುಡದಿಂದ ಸೂರಿನವರೆಗೆ ಎಬ್ಬಿಸಿದರು. ಪಕ್ಕದವನ ಪಾಲಿನೊಳಕ್ಕೆ ಒಂದೇ ಒಂದು ಕಲ್ಲು ಹೆಣೆಯಲಿಲ್ಲ. ದೇವರ ಮನೆಗೂ ಬದು ಹಾಕಿದ ಪುಣ್ಯಾತ್ಮರು. ಇವತ್ತಿಗೂ ಸುಣ್ಣ ಹೊಡೆಯುವುದಾಗಲಿ, ಹೆಂಚು ಸರಿಸುವುದಾಗಲಿ, ಅವರವರ ಪಾಲು ಅವರವರದು. ಇನ್ನೊಬ್ಬರ ಪಾಲು ಮುಟ್ಟಿದರೆ ಅವರ ಹೊಲ ಒತ್ತುವರಿ ಮಾಡಿದಷ್ಟೇ ರಂಪ.

ಈಗ ಹೊಟ್ಟೆ ಮುಂದೆ ಮಾಡಿಕೊಂಡು ಉಬ್ಬಿ ನಿಂತಿರುವುದು ಕೀಲಿಯಮ್ಮನ ತವರಿನ ಪಾಲು. ಪಕ್ಕದ್ದು ಅವಳ ಗಂಡನ ಮನೆಯದು. ಮೇಲಿನ ಕಚೇರಿಯ ಇಂಜಿನಿಯರ್ ಬಂದು ನೋಡಿ ಕಾಗದ ಕೊಟ್ಟು ಹೋಗಿದ್ದ: ಹತ್ತು ದಿನದೊಳಗೆ ಗೋಡೆ ಸರಿಯಾಗದಿದ್ದರೆ ಚರ್ಚಿಗೆ ಬೀಗ. ಆಮೇಲೆ ಪ್ರಾರ್ಥನೆಗೆ ಎರಡು ಬಸ್ಸು ಬದಲಿಸಿ ಪೇಟೆಯ ಚರ್ಚಿಗೆ ಹೋಗಬೇಕು. ಒಮ್ಮೆ ಬೀಗ ಬಿದ್ದ ಚರ್ಚು ಮತ್ತೆ ತೆರೆದದ್ದನ್ನು ಕೀಲಿಯಮ್ಮ ಎಲ್ಲೂ ಕೇಳಿರಲಿಲ್ಲ.

"ಸೂರಿಗೆ ಆಸರೆ ಕೊಟ್ಟು, ಇಷ್ಟನ್ನೂ ಬಿಚ್ಚಿ, ಪಕ್ಕದ ಪಾಲಿಗೆ ಹೆಣೆದು ಕಟ್ಟಿದರೆ ಆರು ದಿನದ ಕೆಲಸ," ಅಂದ ಮೇಸ್ತ್ರಿ. "ಉದ್ದನೆ ಕಲ್ಲು ಬೇಕು. ಆದರೆ ನಿನ್ನ ತಮ್ಮ ಹೂಂ ಅನ್ನದೆ ನಾನು ಒಂದು ಕಲ್ಲೂ ಮುಟ್ಟಲ್ಲ. ನಾನೂ ಇದೇ ಊರಲ್ಲಿ ಬದುಕಬೇಕು."

ಅಲ್ಲೇ ಇತ್ತು ತೊಡಕು. ಅವಳ ತಮ್ಮ ಚರ್ಚಿನ ಹೊಸ್ತಿಲು ತುಳಿದು ಹತ್ತೊಂಬತ್ತು ವರ್ಷವಾಗಿತ್ತು. ಅಕ್ಕನ ಮನೆಯ ಹೊಸ್ತಿಲು ತುಳಿದೂ ಅಷ್ಟೇ. ಅವರಪ್ಪ ತೀರಿಕೊಂಡಿದ್ದು ಗೋಧಿ ಕೊಯ್ಲಿನಲ್ಲಿ. ಮೇಲೆ ಮೋಡ ಕವಿದಿತ್ತು. ಮಳೆ ಬರುವುದರೊಳಗೆ ಬೆಳೆ ಒಳಗೆ ಹಾಕಬೇಕು ಅಂತ ಊರಿಗೆ ಊರೇ ಹೊಲಕ್ಕಿಳಿದಿತ್ತು. ಹೆಗಲು ಕೊಡಲು ಜನ ಸಾಲದೆ, ಅಪ್ಪನ ಶವಪೆಟ್ಟಿಗೆಯನ್ನು ತಮ್ಮನೇ ಗೊಬ್ಬರದ ಕೈಗಾಡಿಯ ಮೇಲಿಟ್ಟು ತಳ್ಳಿಕೊಂಡು ಬಂದ. ಮುಂದೆ ಪಾದ್ರಿ, ಹಿಂದೆ ಅಕ್ಕ. ಅವಳ ಗಂಡ ಓಡಿ ಬರುವ ಹೊತ್ತಿಗೆ ಗುಂಡಿ ಮುಚ್ಚಿಯಾಗಿತ್ತು, ಅವನ ತಲೆಗೂದಲ ತುಂಬ ಗೋಧಿಯ ಹೊಟ್ಟು. ಅವತ್ತು ಹನಿ ಮಳೆಯೂ ಬೀಳಲಿಲ್ಲ.

ಕೀಲಿಯಮ್ಮ ಹೋದಾಗ ಅವಳ ತಮ್ಮ ಅಂಗಳದಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದ. ಅಕ್ಕಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ.

"ನಮ್ಮ ಪಾಲಿನ ಗೋಡೆ ಉಬ್ಬಿದೆ ಕಣೋ," ಅಂದಳು.

"ನನ್ನ ಪಾಲು ಅನ್ನು. ನೀನು ಮದುವೆಯಾಗಿ ಪಕ್ಕದ ಪಾಲಿಗೆ ಹೋದೆ."

"ಆಯ್ತಪ್ಪ, ನಿನ್ನದೇ. ಬಂದು ಕಟ್ಟಿಸು. ಇಲ್ಲದಿದ್ರೆ ಚರ್ಚು ಮುಚ್ತಾರೆ."

"ಕೊಯ್ಲಿದೆ." ಅವನು ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ. "ಕೊಯ್ಲಿದ್ದಾಗ ಯಾರು ಬರ್ತಾರೆ? ನಿಮ್ಮವರೇ ಕಲಿಸಿಕೊಟ್ಟಿದ್ದು."

"ಅವತ್ತು ತಪ್ಪಾಯ್ತು. ನಾನೂ ಬಾಯಿ ಮುಚ್ಕೊಂಡಿದ್ದೆ. ನಿಮ್ಮ ಭಾವನನ್ನ ಯಾಕೆ ಬರಲಿಲ್ಲ ಅಂತ ಒಂದು ಮಾತು ಕೇಳಲಿಲ್ಲ."

"ಹತ್ತೊಂಬತ್ತು ವರ್ಷಕ್ಕೆ ನೆನಪಾಯ್ತಾ?" ಅಂದು ಮತ್ತೆ ಮಸೆಯಲು ಶುರುಮಾಡಿದ. ಅವಳು ತಿರುಗಿ ಮನೆಯ ದಾರಿ ಹಿಡಿದಳು. ದಾರಿಯುದ್ದಕ್ಕೂ ಅಳು ಒತ್ತರಿಸಿಕೊಂಡು ಬಂತು. ಸಿಟ್ಟು ಅವನ ಮೇಲಲ್ಲ, ತನ್ನ ಮೇಲೆ.

ಗಂಡ ಊಟಕ್ಕೆ ಕೂತಾಗ ಎಲ್ಲ ಹೇಳಿದಳು. ಅವನು ಮಾತು ಕಮ್ಮಿಯ ಮನುಷ್ಯ. ತಟ್ಟೆ ಖಾಲಿಯಾಗುವವರೆಗೂ ಕೇಳಿಸಿಕೊಂಡ.

"ಅವನಿಗೆ ಗೋಡೆ ಲೆಕ್ಕಕ್ಕಿಲ್ಲ," ಅಂದಳು. "ನೀವು ಬರಲಿಲ್ಲವಲ್ಲ, ಅದು. ನಾಳೆ ಕುಡುಗೋಲು ತಗೊಂಡು ಅವನ ಹೊಲಕ್ಕೆ ಹೋಗಿ."

"ನಮ್ಮ ಗೋಧಿ ಬಲಿತು ನಿಂತಿದೆಯಲ್ಲೇ."

"ಅವತ್ತೂ ನಿಂತಿತ್ತು."

ಅವನು ಕೈ ತೊಳೆಯಲು ಎದ್ದು ಹೋದ. ತೊಳೆದು ಮುಗಿಸಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಕೀಲಿಯಮ್ಮ ಚಪ್ಪಲಿ ಮೆಟ್ಟಿ, ಉಳಿದ ಒಂಬತ್ತು ಮನೆಯ ಬಾಗಿಲು ತಟ್ಟಿ ತಮ್ಮನ ಕೊಯ್ಲಿಗೆ ಕರೆಯಲು ಹೊರಟಿದ್ದಳು. ಒಬ್ಬರು ತಮ್ಮ ಕೊಯ್ಲು ಮುಗಿಯಲಿ ಅಂದರು, ಇನ್ನೊಬ್ಬರು ಬೆನ್ನು ನೋವು ಅಂದರು. ಅವಳು ಯಾರೊಂದಿಗೂ ವಾದ ಮಾಡಲಿಲ್ಲ. "ನಮ್ಮಪ್ಪನನ್ನ ಗೊಬ್ಬರದ ಗಾಡಿಲಿ ತಂದದ್ದು ನೆನಪಿದೆ ತಾನೆ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಮನೆಗೆ ನಡೆದಳು. ಮೂಲೆಮನೆ ಅಜ್ಜಿ ಮಾತ್ರ ಬಾಗಿಲವರೆಗೂ ಹಿಂದೆ ಬಂದಳು. "ನನ್ನ ಗಂಡ ಸಾಯೋವರೆಗೂ ಅದನ್ನೇ ಹೇಳಿ ಕೊರಗ್ತಿದ್ದ ಕಣೇ. ನನಗೆ ಬಗ್ಗೋಕಾಗಲ್ಲ, ಸೊಸೆನ ಕಳಿಸ್ತೀನಿ. ನಾನು ಬದುವಿನ ಮೇಲೆ ಕೂತು ಎಲ್ಲರ ಕೆಲಸದಲ್ಲೂ ತಪ್ಪು ಹುಡುಕ್ತೀನಿ."

ಬೆಳಗಾಗುತ್ತಲೇ ತಮ್ಮ ಹೊರಗೆ ಬಂದರೆ ಹೊಲದಲ್ಲಿ ಹದಿನಾಲ್ಕು ಜನ. ಅವನದು ಇಳಿಜಾರಿನ ಹೊಲ. ಯಂತ್ರ ಹತ್ತುವುದಿಲ್ಲ, ಕೈಯಲ್ಲೇ ಕೊಯ್ಯಬೇಕು. ಎಲ್ಲರಿಗಿಂತ ಮುಂದಿದ್ದವನು ಅವನ ಭಾವ. ಬದುವಿನ ಮೇಲೆ ನಿಂತ ತಮ್ಮ, ಬೈಯುವುದೋ ಕುಡಿಯಲು ನೀರು ತರುವುದೋ ತಿಳಿಯದೆ ಒದ್ದಾಡಿದ.

"ನಿಮ್ಮ ನಿಮ್ಮ ಹೊಲ ಬಿಟ್ಟು ಇಲ್ಲೇನು ಕೆಲಸ?" ಅಂದ, ಯಾರ ಮುಖವನ್ನೂ ನೋಡದೆ.

ಭಾವ ಸೊಂಟ ನೆಟ್ಟಗೆ ಮಾಡಿದ. "ಅವತ್ತು ಬರಬೇಕಿತ್ತಪ್ಪ. ಬರಲಿಲ್ಲ," ಅಂದು ಮತ್ತೆ ಬಗ್ಗಿದ.

ಸ್ವಲ್ಪ ಹೊತ್ತಿಗೆ ತಮ್ಮನೂ ಸಾಲಿನ ಇನ್ನೊಂದು ತುದಿಯಲ್ಲಿ ಕೊಯ್ಯಲು ಇಳಿದ. ಎರಡು ದಿನ ಕೆಲಸ ನಡೆಯಿತು. ಎರಡನೇ ದಿನ ಮಧ್ಯಾಹ್ನ ಗಾಳಿ ತಿರುಗಿ, ಕೊನೆಯ ಕಂತೆಗಳು ಕೊಟ್ಟಿಗೆ ಸೇರುತ್ತಿದ್ದಂತೆ ಮಳೆ ಸುರಿಯಿತು. ಎಲ್ಲರೂ ಅವನ ಕೊಟ್ಟಿಗೆಯಲ್ಲೇ ಒತ್ತಿಕೊಂಡು ನಿಂತು, ಗುಡ್ಡದ ಕೆಳಗೆ ತಮ್ಮ ತಮ್ಮ ಗೋಧಿಯ ಮೇಲೆ ಮಳೆ ಹೊಡೆಯುವುದನ್ನು ನೋಡಿದರು. ಕೀಲಿಯಮ್ಮನ ಹೊಲ ಒಂದು ಮಗ್ಗುಲಿಗೆ ಪೂರ್ತಿ ಮಲಗಿತ್ತು. ತಾನೇ ಕಳಿಸಿದ್ದು, ಈಗ ಯಾರನ್ನು ಬೈಯಬೇಕು?

"ಬಿಸಿಲು ಬಿದ್ದರೆ ಅರ್ಧ ಏಳುತ್ತೆ ಬಿಡು," ಅಂದ ಗಂಡ.

ತಮ್ಮ ಒಳಗೆ ಹೋಗಿ ಒಂದು ಒಣ ಬಟ್ಟೆ ತಂದು ಅಕ್ಕನ ಕೈಗಿಟ್ಟ. "ತಲೆ ಒರೆಸ್ಕೋ, ನೆಗಡಿಯಾಗುತ್ತೆ," ಅಂದ.

ಮರುದಿನ ಮೇಸ್ತ್ರಿ ಚರ್ಚಿಗೆ ಬರುವ ಹೊತ್ತಿಗೆ ಅಲ್ಲಿ ತಮ್ಮನ ಟ್ರ್ಯಾಕ್ಟರ್ ನಿಂತಿತ್ತು, ಹಿಂದಿನ ಗಾಡಿಯ ತುಂಬ ಉದ್ದನೆಯ ಕಲ್ಲು. ತಮ್ಮ ಯಾರಿಗೂ ಕಾಯದೆ ಸೂರಿಗೆ ಆಸರೆ ನಿಲ್ಲಿಸುತ್ತಿದ್ದ. "ಪಕ್ಕದ ಪಾಲಿನಿಂದಲೂ ಒಂದು ಮೊಳ ಬಿಚ್ಚಬೇಕು," ಅಂದ ಮೇಸ್ತ್ರಿ, ಹೆದರುತ್ತಲೇ. "ಬಿಚ್ಚು," ಅಂದ ಕೀಲಿಯಮ್ಮನ ಗಂಡ. ನೂರಾರು ವರ್ಷದ ಹಟ ಅಷ್ಟು ಸಲೀಸಾಗಿ ಬಿಚ್ಚಿಕೊಂಡದ್ದು ಕಂಡು ಮೇಸ್ತ್ರಿಗೇ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡ.

ಕಟ್ಟಲು ಶುರುಮಾಡಿದ ಮೂರನೇ ದಿನ ಗೋಡೆ ಮೊಣಕಾಲೆತ್ತರಕ್ಕೆ ಬಂದಿತ್ತು. ಎರಡೂ ಪಾಲಿನ ಮೇಲೆ ಅಡ್ಡಲಾಗಿ ಕೂರಬೇಕಾದ ಮೊದಲ ಕಲ್ಲಿನ ಸರದಿ ಈಗ, ಅದು ಒಬ್ಬರ ಕೈಗೆ ಬಗ್ಗುವಂಥದ್ದಲ್ಲ. ತಮ್ಮ ಒಂದು ತುದಿ ಎತ್ತಿ ತೊಡೆಗೆ ಆನಿಸಿಕೊಂಡ. ಮೇಸ್ತ್ರಿ ಹತ್ತಿರದಲ್ಲೇ ಇದ್ದ. ತಮ್ಮ ಅವನನ್ನು ದಾಟಿ ಆಚೆ ನೋಡಿದ.

"ಭಾವ," ಅಂದ, "ಆ ಕಡೆ ಹಿಡೀರಿ."

ಕೀಲಿಯಮ್ಮನ ಗಂಡ ಅಂಗೈಗಳನ್ನು ಎರಡು ಸಲ ಪ್ಯಾಂಟಿಗೆ ಒರೆಸಿಕೊಂಡು ಬಂದು ಹಿಡಿದ. ಇಬ್ಬರೂ ಮೆಲ್ಲಗೆ, ಒಬ್ಬರ ಹೆಜ್ಜೆ ಒಬ್ಬರು ನೋಡಿಕೊಳ್ಳುತ್ತ, ಅಡ್ಡಡ್ಡ ನಡೆದರು.